ಕಾಲ್ಹಗ್ಗದ ಮೇಲಿನ ಹಿಮ್ಮಡಿ

ಹಿಮ್ಮಡಿ, ತಂಗಿಯ ಎಡಗಾಲಿನ ಹಿಮ್ಮಡಿ, ಅದರ ಮೇಲೆ ಬಿಳಿಯ ಪಟ್ಟಿ, ಬೆಳಿಗ್ಗೆ ನಾನೇ ಅಂಟಿಸಿದ್ದು, ಶೂ ಕಚ್ಚಿದೆ ಕಣೇ ಅಕ್ಕ, ಇವತ್ತು ಬರಿಗಾಲಲ್ಲೇ ಹತ್ತುತೀನಿ, ಹತ್ತು ತಾಯಿ, ನೀನು ಏನ್ ಮಾಡಿದ್ರೂ ಚೆಂದ — ಈಗ ಆ ಹಿಮ್ಮಡಿ ಹಗ್ಗದ ಏಣಿಯಲ್ಲಿರುವ ನನ್ನ ಕಣ್ಣಿನ ಮಟ್ಟಕ್ಕಿದೆ, ಹಾಯಿ ಕಟ್ಟಿದ ಅಡ್ಡದಂಡದ ಕೆಳಗೆ ತೂಗುವ ಕಾಲ್ಹಗ್ಗದ ಮೇಲೆ, ಗುಬ್ಬಚ್ಚಿ ತಂತಿಯ ಮೇಲೆ ಕೂತಷ್ಟು ಹಗುರವಾಗಿ, ಅದಕ್ಕೇ ತಾನೆ ಹಡಗಿನವರೆಲ್ಲ ಅವಳನ್ನು ಗುಬ್ಬಿ ಎನ್ನುವುದು, ನನಗೆ ಹೆಸರೇ ಇಲ್ಲ, ನಾನು ಗುಬ್ಬಿಯ ಅಕ್ಕ. ಈ ತರಬೇತಿ ಹಡಗಿನ ಕನಸು ಕಂಡವಳು ನಾನು, ಗೋಡೆಗೆ ಹಾಯಿಗಳ ಚಿತ್ರ ಅಂಟಿಸಿದವಳು ನಾನು, ಊಟ ಬಿಟ್ಟು ಅಪ್ಪನನ್ನು ಒಪ್ಪಿಸಿದವಳು ನಾನು, ಒಬ್ಳೇ ಬೇಡ, ತಂಗೀನೂ ಕರ್ಕೊಂಡು ಹೋಗು, ಅಷ್ಟೇ, ಬಾಲವಾಗಿ ಬಂದವಳು ತಲೆಯಾಗಿಬಿಟ್ಟಳು, ಹೊಟ್ಟೆ ತೊಳಸಿ ನಾನು ಬಕೆಟ್ಟು ತಬ್ಬಿಕೊಂಡು ಕೂತ ವಾರವೆಲ್ಲ ಅವಳು ಗಂಟು ಕಲಿತಳು, ಗಾಳಿ ಕಲಿತಳು, ಹಗ್ಗ ಎಳೆಯುವಾಗ ಎಲ್ಲರ ಉಸಿರನ್ನು ಒಂದು ಮಾಡುವ ಕೂಗನ್ನೂ ಕಲಿತಳು, ನಿನ್ನೆ ಊಟದ ಹೊತ್ತಿಗೆ ಹಾಯಿ ಮೇಸ್ತ್ರಿ, ನಮಗೆಲ್ಲ ಕೆಲಸ ಕಲಿಸುವ ಆ ಹುರಿಮೀಸೆಯ ಮನುಷ್ಯ, ಚಮಚ ಬಡಿದು ಹೇಳಿಯೇಬಿಟ್ಟರು, ನಾಳೆ ಬಂದರು ಸೇರೋವಾಗ ಚುಕ್ಕಾಣಿ ಗುಬ್ಬಿ ಕೈಲಿ. ದಡದಲ್ಲಿ ಅಪ್ಪ ಅಮ್ಮ ನಿಂತಿರುತ್ತಾರೆ. ಅಡುಗೆಯವನು ನನ್ನ ಕಡೆ ತಿರುಗಿದ, ಏನಮ್ಮಾ, ಮುಖ ಯಾಕೆ ಹರಳೆಣ್ಣೆ ಕುಡಿದ ಹಾಗಿದೆ, ತಂಗಿ ಗೆದ್ರೆ ಅಕ್ಕ ಗೆದ್ದ ಹಾಗಲ್ವಾ, ಎಲ್ಲರೂ ನಕ್ಕರು, ನಾನೂ ನಕ್ಕೆ.

ಏಣಿ ಮುಗಿಯಿತು, ಈಗ ಕೂಗಬೇಕು, ಮೊದಲ ದಿನದ ಪಾಠ, ಎಲ್ಲರ ಕಾಲಡಿಗೂ ಇದೊಂದೇ ಹಗ್ಗ, ಒಬ್ಬರು ಭಾರ ಹಾಕಿದರೆ ಪಕ್ಕದವರ ಕಾಲಡಿಯಲ್ಲಿ ಚಿಮ್ಮುತ್ತದೆ, ಅದಕ್ಕೇ ಕಾಲಿಡುವ ಮೊದಲು ಬಂದೆ ಎಂದು ಕೂಗಬೇಕು, ಮೇಲಿದ್ದವರು ಬಾ ಎನ್ನುವವರೆಗೆ ಕಾಯಬೇಕು, ಬಾಯಿ ಸತ್ತೋರು ಮೇಲೆ ಹತ್ತಬೇಡಿ ಕಣ್ರಪ್ಪಾ, ಮೇಸ್ತ್ರಿಯ ಮಾತು — ಗುಬ್ಬಿ ತನ್ನನ್ನು ದಂಡಕ್ಕೆ ಬಿಗಿದಿಟ್ಟ ಸೊಂಟದ ಕೊಕ್ಕೆ ಬಿಚ್ಚಿ ದಂಡದ ಮುಂದಿನ ಬಳೆಗೆ ಸಿಕ್ಕಿಸಲು ಕೈ ಚಾಚಿದ್ದಾಳೆ, ನೋಡುತ್ತಿದ್ದೇನೆ, ಕೊಕ್ಕೆ ಗಾಳಿಯಲ್ಲಿದೆ, ಬಂದೆ ಎನ್ನು, ನಾಲಿಗೆಯ ತುದಿಯಲ್ಲೇ ಇದೆ, ಒಂದೇ ಒಂದು ಸಲ ಅವಳು ತಡವರಿಸಲಿ, ಎಲ್ಲರೂ ನೋಡಲಿ, ಬೀಳುವುದು ಬೇಡ, ತಡವರಿಸಿದರೆ ಸಾಕು — ಕಾಲಿಟ್ಟೆ. ಹಗ್ಗ ಚಿಮ್ಮಿತು, ಹಿಮ್ಮಡಿ ಹಗ್ಗ ಬಿಟ್ಟಿತು, ಬಿಳಿಯ ಪಟ್ಟಿಯ ಕೆಳಗೆ ಏನೂ ಇಲ್ಲ, ಬರೀ ನೀಲಿ, ಅಕ್ಕಾ, ಅವಳು ದಂಡಕ್ಕೆ ಹೊಟ್ಟೆಯೂರಿ ನೇತಾಡುತ್ತಿದ್ದಾಳೆ, ನನ್ನ ಕೈ ಅವಳ ಸೊಂಟಪಟ್ಟಿಯನ್ನು ಹಿಡಿದಿದೆ, ಯಾವಾಗ ಹಿಡಿದೆ, ನನಗಿಲ್ಲದ ಕರುಳು ನನ್ನ ಕೈಗಿತ್ತೇನೋ.

ಡೆಕ್ಕಿಗೆ ಇಳಿದಾಗ ಮೇಸ್ತ್ರಿಯ ಮೀಸೆ ನಡುಗುತ್ತಿತ್ತು, ಕೂಗದೆ ಕಾಲಿಟ್ಟೋರು ಯಾರು, ನಾನು ಎನ್ನಬೇಕು, ಬಾಯಿ ತೆರೆದೆ, ಅಷ್ಟರಲ್ಲಿ ಅವಳು, ನನ್ನ ಕಡೆ ನೋಡದೆಯೇ, ಅಕ್ಕ ಕೂಗಿದ್ಲು ಸಾರ್, ನಾನೇ ಬಾ ಅಂದ್ಬಿಟ್ಟು ಕೊಕ್ಕೆ ಬಿಚ್ಚಿದೆ, ನಂದೇ ತಪ್ಪು. ಮೇಸ್ತ್ರಿ ಅವಳನ್ನೇ ನೋಡಿದರು, ಜೊತೆಯವರನ್ನ ಮರೆಯೋರಿಗೆ ಚುಕ್ಕಾಣಿ ಇಲ್ಲ ಕಣಮ್ಮ, ಆಮೇಲೆ ನನ್ನ ಕಡೆ, ನೀನು ಹೋಗು, ತಂಗೀನ ಹಿಡಿದ ಕೈ ಹಡಗನ್ನೂ ಹಿಡಿಯುತ್ತೆ. ಈಗಲಾದರೂ ಹೇಳಬಹುದಿತ್ತು. ಹೋದೆ. ಚುಕ್ಕಾಣಿಯ ಮರ ಬೆಚ್ಚಗಿದೆ, ಬಯಸಿದ್ದೆಲ್ಲ ಅಂಗೈಯಲ್ಲಿದೆ, ದಡದಲ್ಲಿ ಅಪ್ಪ ಟವೆಲ್ಲು ಬೀಸುತ್ತಿದ್ದಾರೆ, ನನಗೇ ಬೀಸುತ್ತಿದ್ದಾರೆ, ಮುಂದೆ ಹಗ್ಗದ ಸಾಲಿನಲ್ಲಿ ಗುಬ್ಬಿ ಕೂಗು ಹಾಕುತ್ತಿದ್ದಾಳೆ, ಎಲ್ಲರ ಬೆನ್ನೂ ಒಟ್ಟಿಗೆ ಬಾಗುತ್ತಿದೆ, ಕೂಗು ಅವಳದ್ದು, ದೊಡ್ಡ ಮನಸ್ಸೂ ಅವಳದ್ದೇ, ಅದನ್ನಾದರೂ ನನಗೆ ಬಿಡಬಾರದಿತ್ತೆ — ಸ್ವಲ್ಪ ಎಡಕ್ಕೆ, ಮೇಸ್ತ್ರಿಯ ದನಿ, ಎಡಕ್ಕೆ ಅಂದೆ, ಕೇಳಿಸ್ತಿಲ್ವೇನಮ್ಮಾ, ಎಡಕ್ಕೆ, ಎಡಗಾಲು, ಬಿಳಿಯ ಪಟ್ಟಿ, ಅದರ ಕೆಳಗೆ ಏನೂ ಇಲ್ಲ, ಹಿಮ್ಮಡಿ