ಹಿತ್ತಾಳೆಯಲ್ಲಿ ಕಂಡ ಮುಖ

ಪಾಂಡವಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಸ್ಟುಡಿಯೋದಲ್ಲಿ ಚಲುವರಾಜು ಮೂರು ದಿನದಿಂದ ಹಳೆಯ ನೆಗೆಟಿವ್‌ಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹುಡುಕುತ್ತಿದ್ದದ್ದು ಒಂದೇ ಒಂದು ಮುಖ, ಮರಿಸ್ವಾಮಿಯದು.

ಅಕ್ಕಿಹೆಬ್ಬಾಳಿನಿಂದ ಮರಿಸ್ವಾಮಿಯ ಹೆಂಡತಿ ಸಿದ್ದಲಿಂಗಮ್ಮ ಬಂದು ಹೋದಾಗಿನಿಂದ ಈ ಪಾಡು.

"ಯುಗಾದಿ ಆದ್ಮೇಲೆ ನಮ್ ಯಜಮಾನ್ರು ತೀರ್ಕಂಡ್ಬುಟ್ರು ಕಣಣ್ಣ. ಮನೇಲಿ ಒಂದ್ ಫೋಟೋ ಇಲ್ಲ. ಇದು ಮೊದಲ್ನೇ ಪಿತೃಪಕ್ಷ. ಮಖ ಇಲ್ದೆ ಯಾರ ಮುಂದ್ಕೆ ಎಡೆ ಇಕ್ಕನ? ಬೆಂಗ್ಳೂರಲ್ಲಿ ನೀವು ಅವ್ರ ಮೇಲೆ ಸಾವಿರ ಸಲ ಲೈಟ್ ಬುಟ್ಟಿದ್ರಂತಲ್ಲ."

ಬಿಟ್ಟಿದ್ದು ನಿಜ. ಮೂವತ್ತು ವರ್ಷದ ಹಿಂದೆ ಚಲುವರಾಜು ಬೆಂಗಳೂರಿನ ಒಂದು ವಾರಪತ್ರಿಕೆಗೆ ಜಾಝ್ ವಾದಕರ ಬಗ್ಗೆ ಬರೆಯುತ್ತ, ಅವರ ಚಿತ್ರ ತೆಗೆಯುತ್ತ ಹೋಟೆಲು ಹೋಟೆಲು ಅಲೆದವರು. ಮರಿಸ್ವಾಮಿ ಸ್ಯಾಕ್ಸೋಫೋನಿಗೆ ಬಾಯಿಟ್ಟರೆ ತಟ್ಟೆ ಎತ್ತುವ ಮಾಣಿಗಳೂ ನಿಂತುಬಿಡುತ್ತಿದ್ದರು. ಆದರೆ ಚಲುವರಾಜು ಯಾರ ಮುಖವನ್ನೂ ತೆಗೆಯುತ್ತಿರಲಿಲ್ಲ. ಜಾಝ್ ಇರುವುದು ಬೆರಳಿನಲ್ಲಿ, ಮುಖದಲ್ಲಲ್ಲ ಎಂದು ಒಮ್ಮೆ ಬರೆದು ಸಂಪಾದಕರಿಂದ ಬೆನ್ನು ತಟ್ಟಿಸಿಕೊಂಡ ಮೇಲೆ ಅದೇ ಚಾಳಿಯಾಯಿತು. "ಒಂದಾದ್ರೂ ಮಖ ತೆಗೀರಿ ಸಾ, ಊರಿಗೆ ಕಳಿಸ್ತೀನಿ" ಎಂದು ಮರಿಸ್ವಾಮಿಯೇ ಕೇಳಿದ್ದ. ಮುಂದಿನ ಸಲ ಅಂದಿದ್ದರು.

ಬೆರಳು ಸಿಕ್ಕಿತು, ಬೆವರಿದ ಕುತ್ತಿಗೆ ಸಿಕ್ಕಿತು, ಹೊಗೆಯೊಳಗಿನ ಬೆನ್ನು ಸಿಕ್ಕಿತು. ಮುಖ ಮಾತ್ರ ಇಲ್ಲ.

ಕೊನೆಗೆ ಬೆರಳುಗಳದ್ದೇ ಒಂದು ಚಿತ್ರವನ್ನು ದೊಡ್ಡದಾಗಿ ಪ್ರಿಂಟು ಹಾಕಿ, ಕಟ್ಟು ಹಾಕಿಸಿ, ಎಡೆಯ ದಿನ ಅಕ್ಕಿಹೆಬ್ಬಾಳಿನ ಬಸ್ಸು ಹತ್ತಿದರು. ತಪ್ಪಾಯಿತು ಎಂದು ಹೇಳಿಬಿಡುವುದೆಂದೇ ಹೊರಟಿದ್ದರು.

ಮರಿಸ್ವಾಮಿಯ ತಮ್ಮ ಕರಿಯಯ್ಯ ಫೋಟೋ ನೋಡಿ ನಕ್ಕೇಬಿಟ್ಟ. "ಏನಣ್ಣ, ಕೈ ತೆಗ್ದು ಮಖಾನೇ ಬುಟ್ಬುಟ್ಟಿದ್ದೀರಿ? ಬಳೆ ಅಳತೆಗಾ?"

"ನೀ ಸುಮ್ಕಿರ್ಲಾ" ಎಂದು ಸಿದ್ದಲಿಂಗಮ್ಮ ಗದರಿದಳು.

ಅವಳ ಕಣ್ಣಿಗೆ ಪೊರೆ ಬಂದಿತ್ತು. ಫೋಟೋವನ್ನು ಮೂಗಿನ ಹತ್ತಿರಕ್ಕೆ ತಂದುಕೊಂಡು ಗಾಜಿನ ಮೇಲೆ ಬೆರಳಾಡಿಸಿದಳು. ಸ್ಯಾಕ್ಸೋಫೋನಿನ ಅಗಲವಾದ ಬಾಯಿಯ ಹತ್ತಿರ ಬೆರಳು ನಿಂತಿತು.

"ಇಲ್ಲೇ ಅವ್ರೆ ನೋಡಿ! ಸಣ್ಣಕ್ಕೆ ಅವ್ರೆ. ತಲೆ ಬಗ್ಗಿಸ್ಕಂಡವ್ರೆ. ನುಡ್ಸೋವಾಗ ಇಂಗೇ ಕಣಣ್ಣ."

ಚಲುವರಾಜು ಬಗ್ಗಿ ನೋಡಿದರು. ಹೊಳೆಯುವ ಹಿತ್ತಾಳೆಯೊಳಗೆ ಹುರುಳಿಕಾಳಿನಷ್ಟು ಒಂದು ಮುಖ. ಮೇಲಿನಿಂದ ಬಗ್ಗಿ ನೋಡುವ ಹಳೆಯ ಪೆಟ್ಟಿಗೆ ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿ ಅದರೊಳಗೆ ಇಣುಕುತ್ತಿರುವ ಮುಖ. ಮರಿಸ್ವಾಮಿಯದಲ್ಲ, ಚಲುವರಾಜು ಅವರದೇ. ಇಷ್ಟು ವರ್ಷ ಅದು ಅವರ ಕಣ್ಣಿಗೇ ಬಿದ್ದಿರಲಿಲ್ಲ.

"ಅಮ್ಮ, ಅದು..."

"ಅವ್ರೇ. ನಂಗೊತ್ತಾಗಕಿಲ್ವಾ?" ಒದ್ದೆ ವಿಭೂತಿಯ ಬೆರಳು ಆಗಲೇ ಆ ಪುಟ್ಟ ಹಣೆಯ ಮೇಲೆ ಕೂತಾಗಿತ್ತು.

ಹೊಸ ಅಂಗಿ, ಕಡುಬು, ಮರಿಸ್ವಾಮಿಗೆ ಬೆಂಗಳೂರಲ್ಲಿ ರುಚಿ ಹತ್ತಿದ್ದ ಬೇಕರಿ ಬನ್ನು ಎಲ್ಲವನ್ನೂ ಫೋಟೋದ ಮುಂದಿಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದರು. ಸತ್ತವರು ಬಂದು ಉಣ್ಣುವಾಗ ಯಾರೂ ನೋಡಬಾರದು.

ಈಗಲಾದರೂ ಹೇಳಬೇಕು ಎಂದುಕೊಂಡು ಚಲುವರಾಜು ಜಗಲಿಯ ಮೇಲೆ ಕೂತರು. ಸಿದ್ದಲಿಂಗಮ್ಮ ಬಾಗಿಲಿಗೆ ಕಿವಿಯಾನಿಸಿ ನಿಂತಿದ್ದಳು. ಬಸ್ಸು ಇಳಿದು ಬರುವವರನ್ನು ಕಾಯುವವಳ ಹಾಗೆ ಅವಳ ಮುಖ ನಿರಾಳವಾಗಿತ್ತು. ಚಲುವರಾಜು ಮುಚ್ಚಿದ ಬಾಗಿಲಿನ ಕಡೆ ನೋಡಿದರು. ಒಳಗಿನ ಕತ್ತಲಲ್ಲಿ ತಾನೊಬ್ಬನೇ ತಲೆ ತಗ್ಗಿಸಿ ಕೂತಿದ್ದೇನೆ ಅನ್ನಿಸಿತು ಅವರಿಗೆ. ಹಣೆಯ ಮೇಲೆ ಏನೋ ತಣ್ಣಗೆ ಒಣಗುತ್ತಿತ್ತು. ಕೈಯಿಟ್ಟು ನೋಡಿಕೊಳ್ಳಲು ಧೈರ್ಯ ಬರಲಿಲ್ಲ.

ಸಿದ್ದಲಿಂಗಮ್ಮ ಬೀದಿಯ ಕಡೆ ತಿರುಗಿ ಮೆಲ್ಲಗೆ ಕರೆದಳು. "ಬನ್ನಿ, ಆರೋಯ್ತದೆ. ಉಂಡೋಗಿ."

"ಎಲ್ಗೆ ಎದ್ರಿ ಅಣ್ಣ?" ಕರಿಯಯ್ಯ ಕೇಳಿದ.

ತಾವು ಎದ್ದು ನಿಂತಿರುವುದು ಚಲುವರಾಜುವಿಗೆ ಆಗಲೇ ತಿಳಿದದ್ದು.