ನೀಲಿ ಹೆಸರಿನ ಕೆಳಗಿನ ಎರಡು ಸಾಲು

ನಾನು ಎರಡೇ ಎರಡು ಸಾಲು. ನೀವು ಫೋನಿನಲ್ಲಿ ಏನಾದರೂ ಹುಡುಕಿದಾಗ ನೀಲಿ ಅಕ್ಷರದಲ್ಲಿ ಅಂಗಡಿಗಳ ಹೆಸರುಗಳು ಬರುತ್ತವಲ್ಲ, ಅಂಥ ಒಂದು ಹೆಸರಿನ ಕೆಳಗೆ ಬೂದು ಅಕ್ಷರದಲ್ಲಿ ನಿಂತಿರುವುದು ನಾನೇ. ಆಫೀಸಿನವರು ನನ್ನನ್ನು ಮೆಟಾ ಡಿಸ್ಕ್ರಿಪ್ಷನ್ ಎನ್ನುತ್ತಾರೆ. ನನ್ನನ್ನು ಓದಿದವರು ಮೇಲಿನ ಹೆಸರನ್ನು ಒತ್ತಬೇಕು, ಅಷ್ಟೇ ನನ್ನ ಕೆಲಸ. ದಾರಿಹೋಕರನ್ನೆಲ್ಲ ಬನ್ನಿ ಬನ್ನಿ ಎಂದು ಕರೆದು ಸಾಕಾಗಿ ಹೋಗಿದೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ವೆಬ್‌ಸೈಟ್ ಮಾಡಿಕೊಡುವ ಒಂದು ಆಫೀಸಿನಲ್ಲಿ, ಸುಮಿತ್ರಾ ಹೂಗಾರಳ ಕೈಯಲ್ಲಿ. ದಿನಕ್ಕೆ ನಲವತ್ತು ಅಂಗಡಿಗಳಿಗೆ ಅವಳು ಹೀಗೆ ಎರಡೆರಡು ಸಾಲು ಹೊಸೆಯಬೇಕಿತ್ತು. ಹಲ್ಲಿನ ಡಾಕ್ಟರು, ಬ್ಲೌಸ್ ಹೊಲಿಯುವವರು, ಬೋರ್‌ವೆಲ್ ಕೊರೆಯುವವರು ಎಲ್ಲ ಮುಗಿದು ನನ್ನ ಸರದಿ ಬರುವಷ್ಟರಲ್ಲಿ ಅವಳ ಚಹಾ ಆರಿ ಕೆನೆ ಕಟ್ಟಿತ್ತು.

ನನ್ನ ಯಜಮಾನ ಅದೇ ಊರಿನ ಪರಸಪ್ಪ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಸತ್ತ ಕಾಲಿಗೆ, ಗಿಡ್ಡ ಉದ್ದ ಇರುವ ಕಾಲಿಗೆ ಅಳತೆ ತೆಗೆದು ಚಪ್ಪಲಿ ಹೊಲಿಯುವವನು. ಅವನು ಫೋನಿನಲ್ಲಿ ಸುಮಿತ್ರಾಳಿಗೆ ಕಾಲು ಗಂಟೆ ಬಿಡಿಸಿ ಹೇಳಿದ್ದ.

“ಕಾಲು ಸಂಜೀಕ ಉಬ್ಬತಾವ್ರಿ ಅಕ್ಕಾರ. ಮುಂಜಾನಿ ತಗದ ಅಳತಿ ಸುಳ್ಳ ಅಳತಿ. ನಾಕರ ಮ್ಯಾಲೆ ಬರ್ರಿ ಅಂತ ಬರೀರಿ. ಹದಿನೈದ ದಿನಾ ಹಿಡೀತೈತಿ ಅಂತನೂ ಬರೀರಿ.”

ಅವಳು ಹಾಗೆಯೇ ಬರೆದಳು. ಆಫೀಸಿನ ಯಜಮಾನ ಮುರಗೋಡ ಸಾಹೇಬರು ಓದಿ ಮೂಗು ಮುರಿದರು. “ಇದೇನವಾ, ಬರಬ್ಯಾಡ್ರಿ ಅಂತ ಬೋರ್ಡ್ ಹಾಕ್ದಂಗೈತಿ! ಇದನ್ನ ಯಾರು ಒತ್ತತಾರ?”

ಸುಮಿತ್ರಾಳಿಗೆ ವಾದ ಮಾಡುವಷ್ಟು ತ್ರಾಣ ಉಳಿದಿರಲಿಲ್ಲ. ಬ್ಲೌಸಿನವರಿಗೆ ಬರೆದಿದ್ದ ‘ಒಂದೇ ದಿನದಲ್ಲಿ’ ಎಂಬ ಮಾತನ್ನೇ ಎತ್ತಿ ನನಗೆ ತೊಡಿಸಿದಳು. ‘ಸಕ್ಕರೆ ಕಾಯಿಲೆಯ ಕಾಲಿಗೆ ಮೆತ್ತನೆಯ ಚಪ್ಪಲಿ, ಒಂದೇ ದಿನದಲ್ಲಿ! ಇಂದೇ ಬನ್ನಿ, ಹಾಕಿಕೊಂಡೇ ಹೋಗಿ.’ ಕ್ಲಿಕ್ಕುಗಳು ಮೂರು ಪಟ್ಟಾದವು. ಸಾಹೇಬರು ಎಲ್ಲರಿಗೂ ನನ್ನನ್ನೇ ತೋರಿಸಿ ಹೊಗಳಿದರು, ನಾನೂ ಉಬ್ಬಿಹೋದೆ.

ನರಗುಂದದ ಚೆನ್ನವ್ವ ನನ್ನನ್ನು ಓದಿದ್ದು ಆಗಲೇ. ಅಂಗನವಾಡಿಯ ಕೆಲಸ, ಮನೆಮನೆ ತಿರುಗುವ ಕಾಲು, ಆ ಕಾಲಿಗೆ ಚುಚ್ಚಿದರೂ ತಿಳಿಯದು. ಗಟ್ಟಿ ಚಪ್ಪಲಿ ಮೆಟ್ಟಿದರೆ ಬೆರಳು ಕಳೆದುಕೊಳ್ಳುತ್ತೀ ಎಂದು ಡಾಕ್ಟರು ಹೆದರಿಸಿದ್ದರು. ಅವಳು ಒಂದು ದಿನದ ರಜೆ ಬೇಡಿ, ಮುಂಜಾನೆಯ ಬಸ್ಸು ಹಿಡಿದು ಹತ್ತಕ್ಕೆಲ್ಲ ಪರಸಪ್ಪನ ಅಂಗಡಿಯ ಮುಂದೆ ನಿಂತಳು.

ಪರಸಪ್ಪ ಸಂಜೆಯವರೆಗೆ ಕೂಡು ಎಂದ, ಚಪ್ಪಲಿಗೆ ಹದಿನೈದು ದಿನ ಎಂದ. ಚೆನ್ನವ್ವ ಫೋನು ತೆಗೆದು ನನ್ನನ್ನು ತೋರಿಸಿದಳು. ಅವನು ನನ್ನನ್ನು ಮೊದಲ ಸಲ ಓದಿದ್ದು ಅವತ್ತೇ. ಅವನ ಮುಖ ನೋಡಲಾಗಲಿಲ್ಲ. ಅವಳು ಕಾಯಲಿಲ್ಲ, ಬರಿಗೈಲಿ ಹೋಗಲಾರದೆ ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕಿದ ಚಪ್ಪಲಿ ಕೊಂಡು ಊರಿಗೆ ಮರಳಿದಳು.

ಎರಡು ತಿಂಗಳಿಗೆ ಪರಸಪ್ಪನ ಫೋನು ಬಂತು. “ಅಕ್ಕಾರ, ನೀವು ಬರದದ್ದ ಓದಿ ನರಗುಂದದಿಂದ ಒಬ್ರು ಬಾಯಾರ ಬಂದಿದ್ರು, ಬರಿಗೈಲೆ ಹೋಗಲಾರದ ಬಸ್ ಸ್ಟ್ಯಾಂಡಿನ್ಯಾಗ ತಗೊಂಡ ಚಪ್ಪಲಿ ಕಡದು ಹುಣ್ಣಾಗಿ ಕಿರಿಬೆರಳ ತಗದಾರಂತ. ನಾ ಹೇಳಿದ್ದೇನು, ನೀವು ಬರದದ್ದೇನು?”

ಸುಮಿತ್ರಾ ಫೋನು ಇಟ್ಟು, ಯಾರನ್ನೂ ಕೇಳದೆ ನನ್ನನ್ನು ಅಳಿಸಿ ಹೊಸದಾಗಿ ಬರೆದಳು. ‘ಅಳತೆ ಸಂಜೆ ನಾಲ್ಕರ ಮೇಲೆ ಮಾತ್ರ. ಚಪ್ಪಲಿಗೆ ಹದಿನೈದು ದಿನ ಬೇಕು. ಗಾಯವಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ.’ ಕ್ಲಿಕ್ಕುಗಳು ಪಾತಾಳಕ್ಕಿಳಿದವು. ಸಾಹೇಬರು ಕೂಗಾಡಿದರು. ಅವಳು, “ಇದನ್ನ ಬದಲಿ ಮಾಡೂದಾದ್ರ ನನ್ನ ಬಿಡಸ್ರಿ ಸರ್” ಎಂದಳು. ದಣಿದವರು ಹಟಕ್ಕೆ ಬಿದ್ದರೆ ಅಲುಗಾಡಿಸುವುದು ಕಷ್ಟ. ಸಾಹೇಬರು ಗೊಣಗಿಕೊಂಡು ಸುಮ್ಮನಾದರು.

ಮುಂದೊಂದು ಸಂಜೆ ಚೆನ್ನವ್ವ ಮತ್ತೆ ಅಂಗಡಿಗೆ ಬಂದಳು. ಪರಸಪ್ಪ ಹೇಳಿಕಳಿಸಿದ್ದಕ್ಕೆ ಸುಮಿತ್ರಾಳೂ ಬಂದಿದ್ದಳು. ಸುಮಿತ್ರಾ ನೆಲಕ್ಕೆ ಕೂತು ಚೆನ್ನವ್ವನ ಕಾಲಡಿಯ ಕಾಗದ ಸರಿಯದಂತೆ ಹಿಡಿದಳು. ಪರಸಪ್ಪ ಕಾಲಿನ ಸುತ್ತ ಪೆನ್ಸಿಲು ಎಳೆಯುತ್ತ ಬಂದ. ಕಾಗದದ ಮೇಲೆ ನಾಲ್ಕು ಬೆರಳು ಮೂಡಿದವು.

“ಒಂದ ದಿನದಾಗ ಅಂತ ಬರದಾಕಿ ನಾನ ರೀ ಅಮ್ಮಾ” ಎಂದಳು ಸುಮಿತ್ರಾ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಚೆನ್ನವ್ವ ಬೈಯಲಿಲ್ಲ. “ಅವತ್ತ ಬಸ್ಸಿನ್ಯಾಗ ಭಾಳ ಖುಷೀಲೆ ಬಂದಿದ್ನೆವ್ವಾ” ಎಂದಳು.

ಈಗ ನನಗೆ ವಯಸ್ಸಾಯಿತು. ಹುಡುಕುವ ಯಂತ್ರ ನನ್ನನ್ನು ಬದಿಗೆ ಸರಿಸಿ, ಪುಟದೊಳಗಿಂದ ತನಗೆ ಬೇಕಾದ ಸಾಲನ್ನು ತಾನೇ ಹೆಕ್ಕಿ ತೋರಿಸುತ್ತದೆ. ನಾನು ಯಾರ ಕಣ್ಣಿಗೂ ಬೀಳದೆ ಪುಟದ ಹಿಂದೆ ಬಿದ್ದಿದ್ದೇನೆ. ಬೇಸರವೇನಿಲ್ಲ, ಕರೆಯುವ ಕೆಲಸ ತಪ್ಪಿತು. ನನ್ನ ಜನ್ಮದಲ್ಲಿ ಸಾವಿರಾರು ಜನ ನನ್ನನ್ನು ಓದಿ ಒತ್ತಿದರು, ಬಹುಪಾಲು ಮಂದಿ ನೋಡಿ ಮರೆತರು. ಅಷ್ಟು ಕ್ಲಿಕ್ಕುಗಳಲ್ಲಿ ಒಂದನ್ನು ವಾಪಸು ಕೊಡಬಹುದಾಗಿದ್ದರೆ, ನರಗುಂದದಿಂದ ಬಂದದ್ದನ್ನು ಕೊಟ್ಟುಬಿಡುತ್ತಿದ್ದೆ.