ತಣ್ಣನೆಯ ಆಲೂಗಡ್ಡೆಯ ಹದಿಮೂರು ವಾರ

ಎಗೊನ್‌ಗೆ ಆಲೂಗಡ್ಡೆ ಬಿಡು ಎನ್ನುವುದೂ ಒಂದೇ, ಉಸಿರಾಡುವುದನ್ನು ಬಿಡು ಎನ್ನುವುದೂ ಒಂದೇ. ಮೂವತ್ತು ವರ್ಷ ಪಶ್ಚಿಮ ಜಟ್‌ಲ್ಯಾಂಡಿನ ಲೆಮ್ವಿಗ್ ಬಂದರಿನ ಮೀನು ಹರಾಜಿನಲ್ಲಿ ನಿಂತು ದುಡಿದ ಮನುಷ್ಯ. ಸಕ್ಕರೆ ಕಾಯಿಲೆಗೆ ಇನ್ನು ಮಾತ್ರೆ ಸಾಲದು, ಇನ್ಸುಲಿನ್ನೇ ಗತಿ ಎಂದು ಡಾಕ್ಟರಮ್ಮ ಹೇಳಿದಾಗ ಅವನು ಸುಮ್ಮನೆ ತಲೆಯಾಡಿಸಿದ. ಒಪ್ಪದವಳು ಹೆಂಡತಿ ಹೆರ್ಡಿಸ್. ಸೂಜಿ ಶುರುವಾದ ಎರಡೇ ವರ್ಷಕ್ಕೆ ಅವಳ ಅಪ್ಪ ತೀರಿಕೊಂಡಿದ್ದ. ಅದು ಸೂಜಿಯಿಂದಲ್ಲ ಎಂದು ಯಾರು ಹೇಳಿದರೂ ಅವಳ ಕಿವಿಗೆ ಹೋಗುತ್ತಿರಲಿಲ್ಲ.

"ಮೂರು ತಿಂಗಳು ಕೊಡಿ. ಊಟದಲ್ಲೇ ಇಳಿಸಿ ತೋರಿಸ್ತೀನಿ," ಅಂದಳು.

"ಆಯ್ತು. ಆದ್ರೆ ದಿನಾ ಬೆಳಿಗ್ಗೆ ರಕ್ತದ ಸಕ್ಕರೆ ನೋಡಿ ಬರ್ದಿಡ್ಬೇಕು. ಏಳರ ಹತ್ತಿರ ಇದ್ರೆ ಒಳ್ಳೇದು. ಹದಿನೈದು ದಾಟಿದ್ರೆ ಆವತ್ತೇ ಫೋನ್ ಮಾಡ್ಬೇಕು," ಎಂದರು ಡಾಕ್ಟರಮ್ಮ.

ವಾರಪತ್ರಿಕೆಯೊಂದರಲ್ಲಿ ಹೆರ್ಡಿಸ್ ಓದಿದ್ದಳು: ಬೇಯಿಸಿ ಆರಿಸಿದ ಆಲೂಗಡ್ಡೆಯ ಪಿಷ್ಟ ಗಟ್ಟಿಯಾಗುತ್ತದೆ, ಬೇಗ ಸಕ್ಕರೆಯಾಗಿ ರಕ್ತಕ್ಕೆ ಸೇರುವುದಿಲ್ಲ, ಕರುಳಿನ ಒಳ್ಳೆಯ ಜೀವಾಣುಗಳಿಗೆ ಅದೇ ಊಟ. ತಣ್ಣನೆಯ ಆಲೂಗಡ್ಡೆಯನ್ನು ಬಿಲ್ಲೆ ಮಾಡಿ ರೈ ಎಂಬ ಧಾನ್ಯದ ಕಪ್ಪು ಬ್ರೆಡ್ಡಿನ ಮೇಲೆ ಹರಡಿ ತಿನ್ನುವುದು ಆ ಊರಿನ ನಿತ್ಯದ ಮಧ್ಯಾಹ್ನದೂಟ. ಅಜ್ಜಿಯ ಕಾಲದಿಂದ ತಿಂದದ್ದೇ ಔಷಧಿಯಾದರೆ ಯಾರಿಗೆ ಬೇಡ? ಸಿಪ್ಪೆ ಸಮೇತ ಬೇಯಿಸಿ, ನೆಲಮಾಳಿಗೆಯಲ್ಲಿ ಒಂದು ದಿನ ಪೂರ್ತಿ ಇಟ್ಟು ಬಡಿಸಿದಳು. ತಣ್ಣಗಾದ ಮೇಲೆ ಎಷ್ಟು ತಿಂದರೂ ಲೆಕ್ಕಕ್ಕಿಲ್ಲ ಎಂಬುದು ಅವಳೇ ಸೇರಿಸಿಕೊಂಡ ಮಾತು; ಪತ್ರಿಕೆಯಲ್ಲಿ ಎಲ್ಲೂ ಇರಲಿಲ್ಲ.

ಎಗೊನ್ ಪುಸ್ತಕದಲ್ಲಿ ಬರೆದ: ಒಂಬತ್ತು. ಎಂಟು. ಏಳೂವರೆ. ಹೆರ್ಡಿಸ್‌ಗೆ ನೆಲ ಕಾಣದಷ್ಟು ಹಿಗ್ಗು. ತನ್ನ ವ್ಯಾಯಾಮದ ಗುಂಪಿನ ಹೆಂಗಸರನ್ನೆಲ್ಲ ಕೂರಿಸಿಕೊಂಡು ಕರುಳಿನ ಪಾಠ ಹೇಳಿದಳು.

"ಕಾಲು ಹೇಗಿದೆಯೋ ಮುದುಕಾ?" ಎಂದು ಆಗಾಗ ಕೇಳುತ್ತಿದ್ದಳು; ಕಾಯಿಲೆಯಿಂದ ಅವನ ಪಾದಗಳು ಜೋಮು ಹಿಡಿದು ವರ್ಷವಾಗಿತ್ತು.

"ಅಷ್ಟೇನೂ ಕೆಟ್ಟಿಲ್ಲ ಕಣೇ."

ಪಶ್ಚಿಮ ಜಟ್‌ಲ್ಯಾಂಡಿನವರು ಮಗಳ ಮದುವೆಗೂ ಇದನ್ನೇ ಹೇಳುತ್ತಾರೆ, ಮನೆ ಸುಟ್ಟರೂ ಇದನ್ನೇ ಹೇಳುತ್ತಾರೆ. ಹಾಳು ಅಭ್ಯಾಸ. ಮಾತು ಇಷ್ಟು ಜಿಪುಣವಾದರೆ ಹೆಂಡತಿಗಾದರೂ ಏನು ತಿಳಿದೀತು? ಹೆರ್ಡಿಸ್‌ಗೆ ಅಷ್ಟೇ ಸಾಕಾಗುತ್ತಿತ್ತು.

ಹದಿಮೂರನೆಯ ವಾರ ಅವನ ಕಾಲುಚೀಲದಿಂದ ಕೆಟ್ಟ ವಾಸನೆ ಬಂತು. ತೋಟದಲ್ಲಿ ಮೆಟ್ಟುವ ಮರದ ಪಾದರಕ್ಷೆಯೊಳಗೆ ಒಂದು ಹರಳು ಸೇರಿ, ಎಷ್ಟೋ ದಿನದಿಂದ ಹಿಮ್ಮಡಿಯನ್ನು ಕೊರೆಯುತ್ತಿತ್ತು. ಸ್ಪರ್ಶ ಸತ್ತ ಕಾಲಿಗೆ ಅದು ತಿಳಿದಿರಲಿಲ್ಲ. ಹಿಮ್ಮಡಿ ಕಪ್ಪಾಗಿತ್ತು.

ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಪುಸ್ತಕ ತಿರುವಿ ನೋಡಿ, ರಕ್ತ ನೋಡುವ ಯಂತ್ರದ ಗುಂಡಿ ಒತ್ತಿದಳು. ಹಳೆಯ ಅಂಕಿಗಳೆಲ್ಲ ಅದರೊಳಗೆ ಉಳಿದಿದ್ದವು. ಹದಿನೇಳು. ಹತ್ತೊಂಬತ್ತು. ಇಪ್ಪತ್ತೆರಡು.

"ಪುಸ್ತಕದಲ್ಲಿ ಇದ್ಯಾವುದೂ ಇಲ್ವಲ್ಲ," ಎಂದಳು.

ನರ್ಸ್ ಹೊರಗೆ ಹೋದ ಮೇಲೆ ಹೆರ್ಡಿಸ್ ಕೇಳಿದಳು: "ಯಾವಾಗಿಂದ ಸುಳ್ಳು ಬರೀತಿದ್ದೆ?"

"ಮೂರನೇ ವಾರದಿಂದ."

"ಯಾಕೋ? ಸೂಜಿಗೆ ಹೆದರಿದ್ಯಾ?"

"ಥೂ, ಸೂಜಿಗೆ ಯಾರು ಹೆದರ್ತಾರೆ." ಎಗೊನ್ ಹೊದಿಕೆಯ ಅಂಚು ಸರಿಮಾಡಿಕೊಂಡ. "ಬೆಳಿಗ್ಗೆ ಎದ್ದ ಕೂಡ್ಲೇ ಬಂದು ಪುಸ್ತಕ ನೋಡ್ತಿದ್ದೆ ನೀನು. ನೋಡಿ ಹಾಡ್ಕೋತಾ ಒಲೆ ಹಚ್ತಿದ್ದೆ. ನೀನು ಹಾಡಿ ಎಷ್ಟು ವರ್ಷ ಆಗಿತ್ತು ಹೇಳು."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಅವನ ಎದೆಯ ಮೇಲೆ ಬಿದ್ದು ಅಳಬೇಕು ಅನ್ನಿಸಿತು. ಎರಡೂ ಆಗಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಶಸ್ತ್ರಚಿಕಿತ್ಸೆಯ ಡಾಕ್ಟರ್ ಬಂದು ಮಂಚದ ಬದಿಗೆ ಕುಳಿತರು. ಚಿಕ್ಕ ಪ್ರಾಯದವರು, ನೇರ ಮಾತಿನವರು. ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕು, ಗುರುವಾರ. ಇನ್ನೊಂದು ಕಾಲಿನ ರಕ್ತನಾಳಗಳೂ ಚೆನ್ನಾಗಿಲ್ಲ. ಕಣ್ಣನ್ನೂ ನೋಡಬೇಕು. ಏನಾದರೂ ಕೇಳುವುದಿದೆಯೇ?

ಎಗೊನ್ ಇಲ್ಲವೆಂದು ತಲೆಯಾಡಿಸಿದ.

"ಮೂರನೇ ವಾರದಲ್ಲೇ ಇನ್ಸುಲಿನ್ ಶುರು ಮಾಡಿದ್ರೆ ಈ ಕಾಲು ಉಳೀತಿತ್ತಾ?" ಎಂದು ಹೆರ್ಡಿಸ್ ಕೇಳಿದಳು.

ಡಾಕ್ಟರ್ ಕಡತ ತಿರುವಿ ನೋಡಿದರು. "ಉಳೀತಿತ್ತು ಅಂತ ಕಾಣುತ್ತೆ."

ಕಾಲು ಹೋಗುವ ಸುದ್ದಿಗೆ ಹುಬ್ಬು ಕೂಡ ಅಲ್ಲಾಡಿಸದಿದ್ದ ಎಗೊನ್ ದಿಂಬಿನಿಂದ ಎದ್ದು ಕುಳಿತ. ಕುತ್ತಿಗೆಯ ನರ ಉಬ್ಬಿ ಬಂದಿತ್ತು. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವನು ದನಿ ಏರಿಸಿದ್ದನ್ನು ಹೆರ್ಡಿಸ್ ಕೇಳಿದ್ದು ಅದೇ ಮೊದಲು.

"ಅದನ್ನ ಅವಳಿಗ್ಯಾಕ್ರೀ ಹೇಳಿದ್ರಿ?"